ಹರ್ಟ್‌ಫರ್ಡ್‌ಶೈರ್ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆ

ಹರ್ಟ್‌ಫರ್ಡ್‌ಶೈರ್ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯು ಇಂಗ್ಲೆಂಡ್‌ನ ಹರ್ಟ್‌ಫರ್ಡ್‌ಶೈರ್ ಕೌಂಟಿಯ ಶಾಸನಬದ್ಧ ಅಗ್ನಿಶಾಮಕ ಸಂಸ್ಥೆಯಾಗಿದೆ. ಬೆಂಕಿ ನಂದಿಸುವುದು, ರಸ್ತೆ ಅಪಘಾತಗಳಲ್ಲಿ ಸಿಲುಕಿದವರನ್ನು ಹೊರತೆಗೆಯುವುದು, ಇತರ ತುರ್ತು ಸಂದರ್ಭಗಳಲ್ಲಿ ನೆರವಾಗುವುದು ಹಾಗೂ ಅಗ್ನಿ ಸುರಕ್ಷತೆಯ ಬಗ್ಗೆ ಜನರಲ್ಲಿ ಅರಿವು ಮೂಡಿಸುವುದು ಇದರ ಮುಖ್ಯ ಕರ್ತವ್ಯಗಳು. 2005ರ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದ ಬೆಂಕಿಯನ್ನು ಎದುರಿಸಿದ ಸೇವೆಯೆಂದು ಇದು ಹೆಸರಾಗಿದೆ.

ಹರ್ಟ್‌ಫರ್ಡ್‌ಶೈರ್ ಲಂಡನ್ ಮಹಾನಗರದ ಉತ್ತರಕ್ಕಿದೆ. ಇದರ ವಿಸ್ತೀರ್ಣ ಸುಮಾರು 1,643 ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 12 ಲಕ್ಷ. ವಾಟ್‌ಫರ್ಡ್, ಸ್ಟೀವನೇಜ್, ಹೆಮೆಲ್ ಹೆಂಪ್‌ಸ್ಟೆಡ್ ಮುಂತಾದ ಪಟ್ಟಣಗಳ ಜೊತೆಗೆ ವಿಶಾಲವಾದ ಗ್ರಾಮೀಣ ಪ್ರದೇಶವೂ ಇಲ್ಲಿದೆ. ಎಂ1, ಎಂ25 ಹಾಗೂ ಎ1(ಎಂ) ಹೆದ್ದಾರಿಗಳು ಮತ್ತು ಲಂಡನ್ನಿನಿಂದ ಉತ್ತರಕ್ಕೆ ಸಾಗುವ ಪ್ರಮುಖ ರೈಲು ಮಾರ್ಗಗಳು ಕೌಂಟಿಯ ಮೂಲಕ ಹಾದುಹೋಗುತ್ತವೆ.

ಇತಿಹಾಸ

1938ರ ಅಗ್ನಿಶಾಮಕ ದಳಗಳ ಕಾಯಿದೆಯು ಬೆಂಕಿ ನಂದಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯಗೊಳಿಸಿತು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ 1,600ಕ್ಕೂ ಹೆಚ್ಚು ಪ್ರತ್ಯೇಕ ದಳಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ತುತ್ತಾದ ನಗರಗಳಿಗೆ ಹೊರಗಿನ ದಳಗಳು ಧಾವಿಸಿದಾಗ, ಒಂದೂರಿನ ಹೋಸ್ ಪೈಪಿನ ಜೋಡಣೆ ಇನ್ನೊಂದೂರಿನದಕ್ಕೆ ಹೊಂದದಂತಹ ತೊಡಕುಗಳು ಎದುರಾದವು. ಇದರಿಂದಾಗಿ 1941ರಲ್ಲಿ ಎಲ್ಲ ದಳಗಳನ್ನೂ ಒಗ್ಗೂಡಿಸಿ ರಾಷ್ಟ್ರೀಯ ಅಗ್ನಿಶಾಮಕ ಸೇವೆಯನ್ನು ರಚಿಸಲಾಯಿತು. ಯುದ್ಧಾನಂತರ 1947ರ ಅಗ್ನಿಶಾಮಕ ಸೇವೆಗಳ ಕಾಯಿದೆಯಂತೆ, 1948ರ ಏಪ್ರಿಲ್ 1ರಿಂದ ಈ ಹೊಣೆಯು ಕೌಂಟಿಗಳಿಗೂ ದೊಡ್ಡ ನಗರಗಳಿಗೂ ಮರಳಿತು. ಹರ್ಟ್‌ಫರ್ಡ್‌ಶೈರ್ ಕೌಂಟಿಯ ದಳ ಆರಂಭವಾದದ್ದು ಆಗಲೇ.

ಕಾನೂನು ಮತ್ತು ಆಡಳಿತ

1947ರ ಕಾಯಿದೆಯು ಮುಖ್ಯವಾಗಿ ಬೆಂಕಿಗೆ ಸಂಬಂಧಿಸಿದ್ದಾಗಿತ್ತು. ನಜ್ಜುಗುಜ್ಜಾದ ವಾಹನಗಳಿಂದ ಗಾಯಾಳುಗಳನ್ನು ಬಿಡಿಸುವ ಕೆಲಸವನ್ನು ದಳಗಳು ದಶಕಗಳ ಕಾಲ ಮಾಡುತ್ತಿದ್ದರೂ ಅದು ಶಾಸನಬದ್ಧ ಕರ್ತವ್ಯವಾಗಿರಲಿಲ್ಲ. 2004ರ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಕಾಯಿದೆಯು ರಸ್ತೆ ಅಪಘಾತದ ರಕ್ಷಣಾ ಕಾರ್ಯವನ್ನು ಕರ್ತವ್ಯಗಳ ಸಾಲಿಗೆ ಸೇರಿಸಿತು. 2007ರ ಆದೇಶವೊಂದು ರಾಸಾಯನಿಕ ಮತ್ತು ವಿಕಿರಣ ದುರಂತಗಳು, ಕಟ್ಟಡ ಕುಸಿತ ಹಾಗೂ ಗಂಭೀರ ರೈಲು ಮತ್ತು ವಿಮಾನ ಅಪಘಾತಗಳನ್ನೂ ಇದರ ವ್ಯಾಪ್ತಿಗೆ ತಂದಿತು.

ಕರ್ನಾಟಕದಲ್ಲಿ ಇಡೀ ರಾಜ್ಯಕ್ಕೆ ಒಂದೇ ಅಗ್ನಿಶಾಮಕ ಇಲಾಖೆಯಿದೆ. ಇಂಗ್ಲೆಂಡ್‌ನಲ್ಲಿ ಈ ಸೇವೆಯು ಸ್ಥಳೀಯ ಆಡಳಿತಕ್ಕೆ ಸೇರಿದೆ. ಹರ್ಟ್‌ಫರ್ಡ್‌ಶೈರ್‌ನಲ್ಲಿ ಚುನಾಯಿತ ಕೌಂಟಿ ಪರಿಷತ್ತೇ ಅಗ್ನಿಶಾಮಕ ಪ್ರಾಧಿಕಾರವಾಗಿದೆ. ಆದುದರಿಂದ ಶಾಲೆ, ರಸ್ತೆ ಮತ್ತು ಸಮಾಜ ಕಲ್ಯಾಣಗಳಂತೆ ಅಗ್ನಿಶಾಮಕ ಸೇವೆಗೂ ಪರಿಷತ್ತಿನ ಆಯವ್ಯಯದಲ್ಲಿಯೇ ಹಣ ಮೀಸಲಾಗುತ್ತದೆ. ಸೇವೆಯ ಕಾರ್ಯನಿರ್ವಹಣೆಗೆ ಮುಖ್ಯ ಅಗ್ನಿಶಾಮಕ ಅಧಿಕಾರಿಯು ಹೊಣೆಗಾರರು. ಕೇಂದ್ರ ಸರ್ಕಾರವು ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸುತ್ತದೆ. 2018ರಿಂದ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಳ ತಪಾಸಣಾ ಸಂಸ್ಥೆಯು ಇಂಗ್ಲೆಂಡ್‌ನ ಎಲ್ಲ ಅಗ್ನಿಶಾಮಕ ಸೇವೆಗಳನ್ನು ಪರಿಶೀಲಿಸಿ ವರದಿ ಪ್ರಕಟಿಸುತ್ತಿದೆ.

ಠಾಣೆಗಳು ಮತ್ತು ಸಿಬ್ಬಂದಿ

ಠಾಣೆಗಳಲ್ಲಿ ಮೂರು ಬಗೆಯ ಕರ್ತವ್ಯ ಪದ್ಧತಿಗಳಿವೆ. ವಾಟ್‌ಫರ್ಡ್, ಸ್ಟೀವನೇಜ್‌ಗಳಂತಹ ಜನನಿಬಿಡ ಪಟ್ಟಣಗಳ ಠಾಣೆಗಳಲ್ಲಿ ಪೂರ್ಣಾವಧಿ ಸಿಬ್ಬಂದಿ ಹಗಲಿರುಳು ಇರುತ್ತಾರೆ. ಬ್ರಿಟನ್ನಿನ ಸಾಂಪ್ರದಾಯಿಕ ಪದ್ಧತಿಯಂತೆ ಇವರನ್ನು ಕೆಂಪು, ಬಿಳಿ, ನೀಲಿ ಮತ್ತು ಹಸಿರು ಎಂಬ ನಾಲ್ಕು ತಂಡಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತಂಡವು ಎರಡು ಹಗಲು ಪಾಳಿ ಮತ್ತು ಎರಡು ರಾತ್ರಿ ಪಾಳಿ ಮುಗಿಸಿ ನಂತರ ನಾಲ್ಕು ದಿನ ಬಿಡುವು ಪಡೆಯುತ್ತದೆ. ಎರಡನೆಯ ಪದ್ಧತಿಯಲ್ಲಿ ಸಿಬ್ಬಂದಿಯು ಹಗಲು ಠಾಣೆಯಲ್ಲಿದ್ದು, ರಾತ್ರಿ ಸಮೀಪದ ಮನೆಗಳಿಂದ ಕರೆಗೆ ಓಗೊಡುತ್ತಾರೆ.

ಮೂರನೆಯದು ಕರೆ ಬಂದಾಗ ಮಾತ್ರ ಸೇರುವ ಸಿಬ್ಬಂದಿಯ ಪದ್ಧತಿ. ಬಂಟಿಂಗ್‌ಫರ್ಡ್‌ನಂತಹ ಸಣ್ಣ ಊರುಗಳಲ್ಲಿ ಅಂಗಡಿ, ಕಚೇರಿ, ಕಾರ್ಖಾನೆ ಮುಂತಾದೆಡೆ ದುಡಿಯುವವರು ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ. ಸೊಂಟದಲ್ಲಿನ ಪೇಜರ್ ಸದ್ದು ಮಾಡಿದೊಡನೆ ಅವರು ಕೆಲಸ ಬಿಟ್ಟು ಠಾಣೆಗೆ ಧಾವಿಸಬೇಕು. ಠಾಣೆಯಿಂದ ಕೆಲವೇ ನಿಮಿಷಗಳ ಅಂತರದಲ್ಲಿ ವಾಸವಿರುವವರು ಅಥವಾ ಕೆಲಸ ಮಾಡುವವರು ಮಾತ್ರ ಇದಕ್ಕೆ ಅರ್ಹರು. ಹಳ್ಳಿಗಳ ನಿವಾಸಿಗಳು ದೂರದ ಪಟ್ಟಣಗಳಿಗೆ ಉದ್ಯೋಗಕ್ಕೆ ಹೋಗುವುದು ಹೆಚ್ಚಿದಂತೆ ಹಗಲು ವೇಳೆ ಸಾಕಷ್ಟು ಜನ ಸಿಗದಿರುವುದು ಇಂಗ್ಲೆಂಡ್‌ನ ಬಹುತೇಕ ಕೌಂಟಿಗಳ ಸಮಸ್ಯೆಯಾಗಿದೆ. ವಾಹನ ಸಿದ್ಧವಿದ್ದರೂ ಸಿಬ್ಬಂದಿ ಇಲ್ಲದಿದ್ದರೆ ಮತ್ತಷ್ಟು ದೂರದ ಠಾಣೆಯಿಂದ ನೆರವು ಬರಬೇಕಾಗುತ್ತದೆ.

ನಿಯಂತ್ರಣ ಕೊಠಡಿ

999 ಅಥವಾ 112ಕ್ಕೆ ಬಂದ ಕರೆಯನ್ನು ದೂರವಾಣಿ ನಿರ್ವಾಹಕರು ಅಗ್ನಿಶಾಮಕ ನಿಯಂತ್ರಣ ಕೊಠಡಿಗೆ ವರ್ಗಾಯಿಸುತ್ತಾರೆ. ಕೊಠಡಿಯ ಸಿಬ್ಬಂದಿಯು ಸ್ಥಳವನ್ನು ಗುರುತಿಸಿ, ಎಷ್ಟು ವಾಹನಗಳನ್ನು ಕಳುಹಿಸಬೇಕೆಂದು ನಿರ್ಧರಿಸುತ್ತಾರೆ. ಬೆಂಕಿಯಲ್ಲಿ ಸಿಲುಕಿದವರಿಗೆ ದೂರವಾಣಿಯಲ್ಲಿಯೇ ಸೂಚನೆ ನೀಡುವುದೂ ಅವರ ಕರ್ತವ್ಯ. ಹರ್ಟ್‌ಫರ್ಡ್‌ಶೈರ್ ಸೇವೆಯು ನಾರ್‌ಫೋಕ್, ಲಿಂಕನ್‌ಶೈರ್ ಮತ್ತು ಹಂಬರ್‌ಸೈಡ್ ಸೇವೆಗಳೊಡನೆ ನಿಯಂತ್ರಣ ಕೊಠಡಿಗಳ ಒಕ್ಕೂಟವೊಂದರಲ್ಲಿ ಪಾಲುದಾರನಾಗಿದೆ.

ವಾಹನಗಳು ಮತ್ತು ಸಲಕರಣೆಗಳು

ಪ್ರತಿ ಠಾಣೆಯ ಮೂಲ ವಾಹನ ಪಂಪ್ ಅಳವಡಿಸಿದ ಅಗ್ನಿಶಾಮಕ ವಾಹನ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಇದರಲ್ಲಿ ನಾಲ್ಕು ಅಥವಾ ಐದು ಮಂದಿ ತೆರಳುತ್ತಾರೆ. ನೀರಿನ ತೊಟ್ಟಿ, ಹೋಸ್ ಪೈಪುಗಳು, ಏಣಿಗಳು, ಉಸಿರಾಟದ ಸಾಧನಗಳು, ಹೊಗೆಯಲ್ಲಿ ಶಾಖದ ಮೂಲಕ ಜನರನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ಹಾಗೂ ವಾಹನಗಳ ಲೋಹವನ್ನು ಕತ್ತರಿಸುವ ಹೈಡ್ರಾಲಿಕ್ ಉಪಕರಣಗಳು ಇದರಲ್ಲಿರುತ್ತವೆ. ತೊಟ್ಟಿಯ ನೀರು ದೊಡ್ಡ ಬೆಂಕಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ, ಬಂದೊಡನೆ ಬೀದಿಯ ಹೈಡ್ರಂಟ್‌ಗೆ ಪೈಪ್ ಜೋಡಿಸಲಾಗುತ್ತದೆ. ಹೈಡ್ರಂಟ್ ಇಲ್ಲದ ಗ್ರಾಮೀಣ ಪ್ರದೇಶಗಳಿಗೆ ನೀರು ಸಾಗಿಸುವ ಟ್ಯಾಂಕರ್ ಬೇಕಾಗುತ್ತದೆ. ಎತ್ತರದ ಕಟ್ಟಡಗಳಿಗೆ ಚಾಚುವ ಏಣಿ ವಾಹನ, ಭಾರೀ ರಕ್ಷಣಾ ವಾಹನ ಮತ್ತು ಸ್ಥಳದಲ್ಲಿಯೇ ಕಾರ್ಯಾಚರಣೆ ನಿರ್ದೇಶಿಸುವ ವಾಹನ ಮುಂತಾದ ವಿಶೇಷ ವಾಹನಗಳನ್ನು ಆಯ್ದ ಠಾಣೆಗಳಲ್ಲಿ ಇರಿಸಲಾಗುತ್ತದೆ.

ಪರಸ್ಪರ ನೆರವು

ಅಪರೂಪದ ಮಹಾದುರಂತಕ್ಕೆ ಬೇಕಾಗುವಷ್ಟು ಸಲಕರಣೆಯನ್ನು ಯಾವುದೇ ಕೌಂಟಿಯು ಒಂಟಿಯಾಗಿ ಇಟ್ಟುಕೊಳ್ಳಲಾರದು. ಅದಕ್ಕಾಗಿ ನೆರೆಯ ಪ್ರಾಧಿಕಾರಗಳು ಪರಸ್ಪರ ನೆರವಿನ ಒಪ್ಪಂದ ಮಾಡಿಕೊಳ್ಳಬೇಕೆಂದು 2004ರ ಕಾಯಿದೆ ಹೇಳುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೇಂದ್ರ ಸರ್ಕಾರವು ವಿಶೇಷ ವಾಹನಗಳನ್ನು ಖರೀದಿಸಿ ದೇಶದ ವಿವಿಧೆಡೆ ಹಂಚಿತು. ನಿಮಿಷಕ್ಕೆ ಸುಮಾರು 7,000 ಲೀಟರ್ ನೀರು ಸಾಗಿಸಬಲ್ಲ ಭಾರೀ ಪಂಪುಗಳು ಇವುಗಳಲ್ಲಿ ಸೇರಿವೆ.

ಪ್ರಮುಖ ಘಟನೆಗಳು

ರೈಲು ಅಪಘಾತಗಳು: 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಹಳಿ ತುಂಡಾಗಿ ರೈಲು ಹಳಿ ತಪ್ಪಿ ನಾಲ್ವರು ಮೃತಪಟ್ಟರು. 2002ರ ಮೇ 10ರಂದು ಪಾಟರ್ಸ್ ಬಾರ್‌ನಲ್ಲಿ ನಡೆದ ಇನ್ನೊಂದು ಅಪಘಾತದಲ್ಲಿ ಏಳು ಮಂದಿ ಸಾವಿಗೀಡಾದರು.

ಹ್ಯಾರೋ ಕೋರ್ಟ್ ಬೆಂಕಿ: 2005ರ ಫೆಬ್ರವರಿ 2ರ ನಸುಕಿನಲ್ಲಿ ಸ್ಟೀವನೇಜ್‌ನ ಬಹುಮಹಡಿ ವಸತಿ ಕಟ್ಟಡದ 14ನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಒಬ್ಬ ನಿವಾಸಿಯನ್ನು ಹೊರತಂದು ಮತ್ತೊಬ್ಬರಿಗಾಗಿ ಮರಳಿದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಹಾಗೂ ಆ ನಿವಾಸಿ ಪ್ರಾಣ ಕಳೆದುಕೊಂಡರು. ಶಾಖಕ್ಕೆ ಪ್ಲಾಸ್ಟಿಕ್ ಹೊದಿಕೆ ಕರಗಿ, ಜೋತುಬಿದ್ದ ವಿದ್ಯುತ್ ತಂತಿಗಳಲ್ಲಿ ಒಬ್ಬ ಸಿಬ್ಬಂದಿ ಸಿಲುಕಿದ್ದರು. 2010ರಲ್ಲಿ ಸೌತಾಂಪ್ಟನ್‌ನ ಶರ್ಲಿ ಟವರ್ಸ್ ಕಟ್ಟಡದಲ್ಲಿಯೂ ಇಂತಹ ಸ್ಥಿತಿಯಲ್ಲಿ ಹ್ಯಾಂಪ್‌ಶೈರ್ ಸೇವೆಯ ಇಬ್ಬರು ಮೃತಪಟ್ಟರು. ಪಾರಾಗುವ ದಾರಿಗಳಲ್ಲಿನ ತಂತಿಗಳು ಬೆಂಕಿಯಲ್ಲಿ ಬೇಗನೆ ಕಳಚಿ ಬೀಳದಂತೆ ಬಿಗಿದಿರಬೇಕೆಂದು 2015ರಲ್ಲಿ ಬ್ರಿಟನ್ನಿನ ವಿದ್ಯುತ್ ಅಳವಡಿಕೆಯ ನಿಯಮ ತಿದ್ದುಪಡಿಯಾಯಿತು. 2018ರ ಆವೃತ್ತಿಯು ಇದನ್ನು ಕಟ್ಟಡದ ಎಲ್ಲ ಭಾಗಗಳಿಗೂ ವಿಸ್ತರಿಸಿತು.

ಬನ್ಸ್‌ಫೀಲ್ಡ್ ಬೆಂಕಿ: 2005ರ ಡಿಸೆಂಬರ್ 11ರ ಭಾನುವಾರ ಬೆಳಿಗ್ಗೆ 6 ಗಂಟೆಯ ಸುಮಾರಿಗೆ ಹೆಮೆಲ್ ಹೆಂಪ್‌ಸ್ಟೆಡ್ ಸಮೀಪದ ತೈಲ ಸಂಗ್ರಹಾಗಾರದಲ್ಲಿ ಭಾರೀ ಸ್ಫೋಟ ಸಂಭವಿಸಿತು. ಮಟ್ಟ ತೋರಿಸುವ ಮಾಪಕ ಸಿಕ್ಕಿಕೊಂಡು, ತುಂಬಿದಾಗ ಹರಿವನ್ನು ನಿಲ್ಲಿಸಬೇಕಿದ್ದ ಸಾಧನವೂ ಕೆಲಸ ಮಾಡದೆ, ತೊಟ್ಟಿಯಿಂದ ಪೆಟ್ರೋಲ್ ಉಕ್ಕಿ ಹರಿದು ಆವಿಯ ಮೋಡ ಹರಡಿತ್ತು. 20ಕ್ಕೂ ಹೆಚ್ಚು ತೊಟ್ಟಿಗಳು ಹೊತ್ತಿ ಉರಿದವು. 43 ಮಂದಿ ಗಾಯಗೊಂಡರು. ರಜಾದಿನದ ಮುಂಜಾನೆಯಾಗಿದ್ದು ಸುತ್ತಲಿನ ಕಚೇರಿಗಳು ಖಾಲಿಯಿದ್ದುದರಿಂದ ಜೀವಹಾನಿಯಾಗಲಿಲ್ಲ. ದೇಶದ ನಾನಾ ಭಾಗಗಳಿಂದ ಸಿಬ್ಬಂದಿ, ಭಾರೀ ಪಂಪುಗಳು ಮತ್ತು ನೊರೆ ದ್ರಾವಣವನ್ನು ತರಿಸಲಾಯಿತು. ಒಟ್ಟು 7,86,000 ಲೀಟರ್ ನೊರೆ ದ್ರಾವಣ ಮತ್ತು 6.8 ಕೋಟಿ ಲೀಟರ್ ನೀರು ಬಳಕೆಯಾಯಿತು. ಬೆಂಕಿ ಆರಿದರೂ ತೈಲ ಮತ್ತು ನೊರೆ ಬೆರೆತ ನೀರು ನೆಲಕ್ಕಿಳಿದು ಅಂತರ್ಜಲ ಕಲುಷಿತವಾಯಿತು. 2010ರಲ್ಲಿ ಐದು ಕಂಪನಿಗಳಿಗೆ ನ್ಯಾಯಾಲಯವು ದಂಡ ವಿಧಿಸಿತು.