ಕೀವುಗುಳ್ಳೆಗೆ ಸಿಕ್ಕ ಮುಲಾಮು ಹಚ್ಚಬ್ಯಾಡ್ರಿ: ಹರೆಯದವರ ಚರ್ಮದ ಸೋಂಕು, ತಿಳಿದಿರಬೇಕಾದ ವಿಷಯ

ತುಳಸಿಗೇರಿ (ಬಾಗಲಕೋಟೆ): ಹಾಸ್ಟೆಲ್, ಗರಡಿಮನೆ, ಕಬಡ್ಡಿ ಅಂಕಣ – ಮೈಗೆ ಮೈ ತಾಗುವ, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವ ಕಡೆ ಬ್ಯಾಕ್ಟೀರಿಯಾದ ಚರ್ಮದ ಸೋಂಕು ಬೇಗ ಹಬ್ಬುತ್ತದೆ. ‘ಉಷ್ಣಕ್ಕ ಎದ್ದಾವ, ತಾವ ಹೋಗ್ತಾವ’ ಎಂದು ಸುಮ್ಮನೆ ಬಿಡುವಂತಿಲ್ಲ.

ಕಾರಣವೇನು?
ಸ್ಟೆಫೈಲೊಕಾಕಸ್ ಮತ್ತು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳೇ ಹೆಚ್ಚಾಗಿ ಕಾರಣ. ಕ್ಷೌರದ ಗಾಯ, ಸೊಳ್ಳೆ ಕಚ್ಚಿ ತುರಿಸಿದ ಜಾಗ, ದೀಡ ನಮಸ್ಕಾರದಲ್ಲಿ ತರಚಿದ ಮೊಣಕಾಲು – ಇಂಥ ದಾರಿಯಲ್ಲಿ ಒಳಸೇರುತ್ತವೆ.

ಗುರುತಿಸುವುದು ಹೇಗೆ?
• ಇಂಪೆಟಿಗೊ: ಮೂಗು, ಬಾಯಿಯ ಸುತ್ತ ಗುಳ್ಳೆ ಒಡೆದು ಜೇನುಬಣ್ಣದ ಹಕ್ಕಳೆ. ಮಕ್ಕಳಲ್ಲಿ ಹೆಚ್ಚು.
• ಫಾಲಿಕ್ಯುಲೈಟಿಸ್: ಕೂದಲ ಬುಡದಲ್ಲಿ ಸಣ್ಣ ಕೀವುಗುಳ್ಳೆ. ಗಡ್ಡ, ತೊಡೆಯಲ್ಲಿ ಸಾಮಾನ್ಯ.
• ಕುರು: ಕೀವು ತುಂಬಿದ, ನೋಯುವ ಗಡ್ಡೆ.
• ಸೆಲ್ಯುಲೈಟಿಸ್: ಚರ್ಮ ಕೆಂಪಾಗಿ, ಬಿಸಿಯಾಗಿ ಬಾವು ಹರಡುವುದು.

ಉಂಗುರದಂತೆ ಬೆಳೆದು ತುರಿಸುವ ಹುಳಕಡ್ಡಿ ಶಿಲೀಂಧ್ರದಿಂದ ಬರುವಂಥದ್ದು. ಅದರ ಔಷಧವೇ ಬೇರೆ.

ಸಿಕ್ಕ ಕ್ರೀಮ್ ಯಾಕೆ ಬೇಡ?
ಸ್ಟೀರಾಯ್ಡ್ ಇರುವ ಕ್ರೀಮ್ ಹಚ್ಚಿದರೆ ಕೆಂಪು, ತುರಿಕೆ ಎರಡೇ ದಿನದಲ್ಲಿ ಇಳಿದಂತೆ ಕಾಣುತ್ತದೆ. ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ತಂದಿದೆ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ; ಗಿರಾಕಿಗಳೂ ಒತ್ತಾಯ ಮಾಡಬಾರದು. ಸುಣ್ಣ, ಸೀಮೆಎಣ್ಣೆ ಹಚ್ಚುವುದು, ಕುರು ಹಿಂಡುವುದು ಬೇಡ.

ಮನೆ, ಅಂಗಡಿಯಲ್ಲಿ ಎಚ್ಚರ
ಸೋಪು ಹಚ್ಚಿ ತೊಳೆದು, ಗಾಯವನ್ನು ಒಣಬಟ್ಟೆಯಿಂದ ಮುಚ್ಚಿ. ಟವೆಲ್, ಬ್ಲೇಡು, ಲಂಗೋಟಿ ಬೇರೆ ಇರಲಿ. ಕ್ಷೌರದಂಗಡಿಯಲ್ಲಿ ಪ್ರತಿ ಗಿರಾಕಿಗೆ ಹೊಸ ಬ್ಲೇಡು, ಒಗೆದ ಬಟ್ಟೆ ಬೇಕೇಬೇಕು. ಇಂಪೆಟಿಗೊ ಆದವರು ಔಷಧ ಶುರುವಾಗಿ 48 ಗಂಟೆ ಶಾಲೆ, ಆಟದಿಂದ ದೂರವಿದ್ದರೆ ಒಳ್ಳೆಯದು. ವೈದ್ಯರು ಬರೆದ ಮಾತ್ರೆಯನ್ನು ಗುಳ್ಳೆ ಒಣಗಿತೆಂದು ನಡುವೆ ಬಿಡಬಾರದು.

ತಡ ಮಾಡಬ್ಯಾಡ್ರಿ
ಜ್ವರ, ಬೇಗ ಹರಡುವ ಬಾವು, ಗಾಯದಿಂದ ಹೊರಟ ಕೆಂಪು ಗೆರೆ, ಕಣ್ಣು–ಮೂಗಿನ ಹತ್ತಿರ ಕುರು ಕಂಡರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಲ್ಲವೇ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಕುರು ಮೇಲಿಂದ ಮೇಲೆ ಏಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಸ್ಟ್ರೆಪ್ಟೊಕಾಕಸ್ ಸೋಂಕಾದ ಕೆಲವರಿಗೆ ಸುಮಾರು ಮೂರು ವಾರದ ನಂತರ ಮೂತ್ರಪಿಂಡ ಊದಿಕೊಳ್ಳುವುದುಂಟು. ಗಾಯ ಮಾಯ್ದ ಮೇಲೂ ಮುಖ ಬಾತರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ವೈದ್ಯರಿಗೆ ತೋರಿಸಿ, ಹಿಂದೆ ಗುಳ್ಳೆ ಎದ್ದಿದ್ದನ್ನೂ ತಪ್ಪದೆ ಹೇಳಬೇಕು.