ಮತ್ಸ್ಯತೀರ್ಥದಿಂದ ಡಿಸ್ಕಸ್ ತೊಟ್ಟಿಗೆ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ತಿನ್ನುವುದಕ್ಕಲ್ಲದೆ ಮೀನು ಸಾಕುವ ರೂಢಿ ಮೂರು ಬಗೆಯದು. ಹೊಳೆಯ ಮಡುವಿನಲ್ಲಿ ದೇವರ ಹೆಸರಿನಲ್ಲಿ ಕಾಯ್ದ ಮೀನು ಒಂದು, ಬಾವಿ-ಕೆರೆಗಳಲ್ಲಿ ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಮೀನು ಇನ್ನೊಂದು, ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಅಂದಕ್ಕೆಂದು ಇಟ್ಟ ಮೀನು ಮೂರನೆಯದು. ಮೊದಲೆರಡರಲ್ಲಿ ನೀರನ್ನು ಬೆಚ್ಚಗಿಡುವುದೂ ಶುಚಿಯಾಗಿಡುವುದೂ ಹೊಳೆಯ, ನೆಲದ ಕೆಲಸ. ಗಾಜಿನ ತೊಟ್ಟಿಯಲ್ಲಿ ಆ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಬೇಕಾಗುತ್ತದೆ. ಈ ಯಂತ್ರಗಳು ಹುಟ್ಟಿದ್ದು ಚಳಿ ದೇಶಗಳಲ್ಲಿ. ಕರಾವಳಿಯ ಸೆಕೆಗೆ ಅವುಗಳ ಲೆಕ್ಕ ಬೇರೆಯೇ ಆಗುತ್ತದೆ.

ದೇವರ ಮೀನಿಗೆ ಈ ಭಾಗದ ಪ್ರಸಿದ್ಧ ನಿದರ್ಶನ ಬೆಳ್ತಂಗಡಿ ತಾಲ್ಲೂಕಿನ ಶಿಶಿಲ. ಶಿಶಿಲೇಶ್ವರ ದೇವಸ್ಥಾನದ ಎದುರು ಹರಿಯುವ ಕಪಿಲಾ ಹೊಳೆಯ ಮಡುವಿಗೆ ಮತ್ಸ್ಯತೀರ್ಥವೆಂದು ಹೆಸರು. ತುಳುವಿನಲ್ಲಿ ಪೆರುವೋಳು ಎನ್ನುವ ಮಹಶೀರ್ ಮೀನುಗಳು ಅಲ್ಲಿ ಹಿಂಡುಗಟ್ಟಿ ಇರುತ್ತವೆ. ಭಕ್ತರು ಅವಕ್ಕೆ ಅಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಅಷ್ಟೊಂದು ಮೀನು ಒಂದೇ ಕಡೆ ಬದುಕುವುದು ಘಟ್ಟದಿಂದ ಇಳಿಯುವ ನೀರು ನಿಲ್ಲದೆ ಹರಿಯುವುದರಿಂದ. ಮೀನಿನ ಹೊಲಸು ಕೊಚ್ಚಿಹೋಗುತ್ತದೆ, ಕಲ್ಲಿನ ಮೇಲೆ ಚಿಮ್ಮುವ ನೀರು ಆಮ್ಲಜನಕವನ್ನು ಬೆರೆಸಿಕೊಳ್ಳುತ್ತದೆ. 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿದಾಗ ಇಲ್ಲಿ ಸಾವಿರಾರು ಮೀನುಗಳು ಸತ್ತವು. ಮಡುವಿನ ಮೀನನ್ನು ಕಾಯುವುದೆಂದರೆ ಅದರ ನೀರನ್ನು ಕಾಯುವುದೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಎರಡನೆಯ ಬಗೆಗೆ ಇಂಬಾದದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಮೂಡುಬಿದಿರೆಯಲ್ಲಿ 18 ಬಸದಿ, 18 ದೇವಸ್ಥಾನ, 18 ಕೆರೆ ಎಂಬ ಮಾತು ರೂಢಿಯಲ್ಲಿದೆ. 1430ರಲ್ಲಿ ಸಾವಿರ ಕಂಬದ ಬಸದಿ ಎದ್ದ ಊರಿನಲ್ಲಿ ಕೆರೆಯ ದಂಡೆಗಳಿಗೆ ಒದಗಿದ್ದು ಇದೇ ಮುರಕಲ್ಲು. ಬಂಟ್ವಾಳ ತಾಲ್ಲೂಕಿನ ಮಾಣಿಲ, ಅಡ್ಯನಡ್ಕದ ಕಡೆ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆ. ಹೀಗೆ ಸುರಂಗ ತೋಡಿ ಬರಡು ಗುಡ್ಡದಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮುರಕಲ್ಲಿನ ತೂತುಗಳಲ್ಲಿ ಇಳಿದು ಬರುವ ಮಳೆನೀರು ತಿಳಿಯಾಗಿರುತ್ತದೆ, ಸುಣ್ಣದಂಶ ಕಡಿಮೆ, ಸ್ವಲ್ಪ ಆಮ್ಲೀಯ. ಅಂಥ ನೀರಿನ ಬಾವಿಗಳಿಗೆ ಸಣ್ಣ ಮೀನು ಬಿಡುವುದು ಹಳೆಯ ಪದ್ಧತಿ. ಮಲೇರಿಯಾ ತಡೆಯಲೆಂದು ಗಪ್ಪಿ ಮೀನು 20ನೇ ಶತಮಾನದ ಆರಂಭದಲ್ಲಿ, ಗಂಬೂಸಿಯ 1928ರಲ್ಲಿ ಭಾರತಕ್ಕೆ ಬಂದ ಮೇಲೆ ಅವೂ ಈ ಬಾವಿ-ಕೆರೆಗಳನ್ನು ಸೇರಿದವು.

ಮೂರನೆಯ ಬಗೆಯಲ್ಲಿ, ಅಂದರೆ ಗಾಜಿನ ತೊಟ್ಟಿಯಲ್ಲಿ, ಅಂದಕ್ಕೆಂದು ಸಾಕುವ ಡಿಸ್ಕಸ್ ಮೀನು ಸಿಕ್ಲಿಡ್ ಕುಟುಂಬದ್ದು. ಈ ಕುಟುಂಬ ಇಲ್ಲಿಗೆ ಹೊಸದಲ್ಲ. ಭಾರತದ ಮೂರು ಸ್ವದೇಶಿ ಸಿಕ್ಲಿಡ್‌ಗಳಲ್ಲಿ ಒಂದಕ್ಕೆ ಕೆನರಾದ ಹೆಸರೇ ಇದೆ. ಮದ್ರಾಸ್ ಪ್ರಾಂತದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕೆನರಾದ ಈ ಮೀನನ್ನು ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ದಾಖಲಿಸಿದ. ಕೇರಳದವರ ಕರಿಮೀನ್ ಇದರ ದೊಡ್ಡ ನೆಂಟ. ಮೂರನೆಯದು ಕಿತ್ತಳೆ-ಹಳದಿ ಬಣ್ಣದ ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್. ಇದರ ಮರಿಗಳು ತಾಯಿತಂದೆಯರ ಮೈಮೇಲಿನ ಲೋಳೆಯನ್ನು ಕುಟುಕಿ ತಿನ್ನುತ್ತವೆ. ಡಿಸ್ಕಸ್ ಮರಿಗಳ ಮೊದಲ ಆಹಾರವೂ ಅದೇ.

ಡಿಸ್ಕಸ್‌ನ ತವರು ಅಮೆಜಾನ್. 1817ರಿಂದ 1835ರವರೆಗೆ ಬ್ರೆಜಿಲ್‌ನಲ್ಲಿ ಸುತ್ತಾಡಿದ ಯೋಹಾನ್ ನಾಟೆರರ್ ತಂದ ಮಾದರಿಗಳನ್ನು ನೋಡಿ ವಿಯೆನ್ನಾದ ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಅದಕ್ಕೆ ಸಿಂಫಿಸೊಡಾನ್ ಡಿಸ್ಕಸ್ ಎಂದು ಹೆಸರಿಟ್ಟ. ಆದರೆ ಜೀವಂತ ಡಿಸ್ಕಸ್ ಯುರೋಪಿನ ತೊಟ್ಟಿಗಳಿಗೆ ಬಂದದ್ದು 20ನೇ ಶತಮಾನದ ಮೊದಲರ್ಧದಲ್ಲಿ. ಅದಕ್ಕೆ ಬೇಕಾದ 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ನೀರನ್ನು ಹಗಲಿರುಳು ಹಾಗೆಯೇ ಉಳಿಸುವುದು ಆ ಕಾಲಕ್ಕೆ ಮೊದಲು ಸುಲಭವಿರಲಿಲ್ಲ.

1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದಾಗ ಅಲ್ಲಿದ್ದವು ತಣ್ಣೀರಿನ ಜೀವಿಗಳು. ಪ್ಯಾರಿಸ್‌ನ ಪಿಯೇರ್ ಕಾರ್ಬೊನಿಯೇ 1869ರಲ್ಲಿ ಪೂರ್ವ ಏಷ್ಯಾದ ಪ್ಯಾರಡೈಸ್ ಮೀನನ್ನು ಸಾಕಿ ಮರಿ ಮಾಡಿಸಿದ ಮೇಲೆ ಉಷ್ಣವಲಯದ ಮೀನುಗಳ ಹುಚ್ಚು ಹಬ್ಬಿತು. ತೊಟ್ಟಿಯ ಅಡಿಗೆ ಸ್ಲೇಟು ಕಲ್ಲು ಹಾಸಿ, ಕೆಳಗೆ ಎಣ್ಣೆಯ ಇಲ್ಲವೇ ಗ್ಯಾಸಿನ ದೀಪ ಹಚ್ಚಿ ನೀರು ಬೆಚ್ಚಗಿಡುತ್ತಿದ್ದರು. ನಿಕ್ರೋಮ್ ತಂತಿಗೆ 1906ರಲ್ಲಿ ಪೇಟೆಂಟ್ ಸಿಕ್ಕಿದ ಮೇಲೆ ಅದನ್ನು ಗಾಜಿನ ಕೊಳವೆಯಲ್ಲಿ ಕೂಡಿಸಿದ ವಿದ್ಯುತ್ ಹೀಟರ್‌ಗೆ ದಾರಿಯಾಯಿತು. ಎರಡು ಲೋಹದ ಪಟ್ಟಿ ಬಾಗಿ ಕರೆಂಟನ್ನು ತಾನೇ ಕಡಿಯುವ ಥರ್ಮೋಸ್ಟಾಟ್ ಮೊದಲು ಬೇರೆ ಕೊಳವೆಯಲ್ಲಿತ್ತು, ಆಮೇಲೆ ಹೀಟರ್‌ನ ಒಳಗೇ ಸೇರಿತು.

ಸೋಸುವ ವಿದ್ಯೆಯ ಬುಡ ತಿಳಿಯಲು ಸೂಕ್ಷ್ಮಜೀವಿಶಾಸ್ತ್ರ ಬೇಕಾಯಿತು. ಅಮೋನಿಯವನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಗಳೆಂದು ಸೆರ್ಗೈ ವಿನೋಗ್ರಾಡ್ಸ್ಕಿ 1890ರ ಸುಮಾರಿಗೆ ತೋರಿಸಿದ. ಫಿಲ್ಟರ್ ಕಸ ಹಿಡಿಯುವ ಜರಡಿ ಮಾತ್ರವಲ್ಲ, ಈ ಬ್ಯಾಕ್ಟೀರಿಯಗಳ ಮನೆಯೂ ಹೌದೆಂಬ ಅರಿವು ನಿಧಾನವಾಗಿ ಹವ್ಯಾಸಿಗಳಿಗೆ ಮುಟ್ಟಿತು. 20ನೇ ಶತಮಾನದ ನಡುವಿನಲ್ಲಿ ಜಲ್ಲಿಯ ಅಡಿಯ ಫಿಲ್ಟರ್ ಬಳಕೆಗೆ ಬಂತು. 1960ರ ದಶಕದಲ್ಲಿ ಜರ್ಮನಿಯ ಏಹೈಮ್ ಕಂಪನಿ ತೊಟ್ಟಿಯ ಹೊರಗೆ ಇಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರನ್ನು ತಂದಿತು. ಸಿಲಿಕೋನ್ ಅಂಟು ಬಂದ ಮೇಲೆ ಕಬ್ಬಿಣದ ಚೌಕಟ್ಟು ಹೋಗಿ ಬರೀ ಗಾಜಿನ ದೊಡ್ಡ ತೊಟ್ಟಿ ಸಾಧ್ಯವಾಯಿತು.

ಇದೇ ಹೊತ್ತಿಗೆ ಡಿಸ್ಕಸ್ ಸಾಕಣೆ ಆಗ್ನೇಯ ಏಷ್ಯಾಕ್ಕೂ ಹರಡಿತು. ಪೆನಾಂಗ್, ಬ್ಯಾಂಕಾಕ್‌ಗಳ ಸಾಕಣೆದಾರರು ಜಲ್ಲಿ, ಗಿಡ ಯಾವುದೂ ಇಲ್ಲದ ಬರಿ ತೊಟ್ಟಿ, ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್, ಪದೇಪದೇ ನೀರು ಬದಲಿಸುವುದು ಎಂಬ ಸರಳ ಕ್ರಮ ಹಿಡಿದರು. ಕರಾವಳಿಗೆ ಹೊಂದುವುದು ಹೆಚ್ಚಾಗಿ ಈ ಮಾದರಿಯೇ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜಿನಿಂದಾಗಿ ಜಿಲ್ಲೆಯಲ್ಲಿ ಮೀನಿನ ರೋಗ, ನೀರಿನ ಗುಣಗಳ ಶಾಸ್ತ್ರೀಯ ತಿಳಿವಳಿಕೆಯೂ ಹತ್ತಿರದಲ್ಲೇ ಸಿಗುವಂತಾಯಿತು.

ಹೀಟರ್ ಆರಿಸುವಾಗ ಲೀಟರಿಗೆ ಒಂದು ವಾಟ್ ಎಂಬ ರೂಢಿಯ ಲೆಕ್ಕ ಚಳಿ ದೇಶದ್ದು. ಇಲ್ಲಿಯ ಬಾವಿನೀರು ವರ್ಷವಿಡೀ 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಮತ್ತು ತುಳುವರ ಆಟಿ ತಿಂಗಳ ಮಳೆಯಲ್ಲಿ ಮಾತ್ರ ತೊಟ್ಟಿ ತಣಿಯುತ್ತದೆ. 200 ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.23 ಯೂನಿಟ್ ಕರೆಂಟ್ ಸಾಕು. 100 ವಾಟ್‌ನ ಹೀಟರ್ ಅದನ್ನು ಎರಡೂಕಾಲು ಗಂಟೆಯಲ್ಲಿ ಮಾಡುತ್ತದೆ. ಅಂಥ ತೊಟ್ಟಿಗೆ 200 ವಾಟ್‌ನ ಒಂದರ ಬದಲು ಸಣ್ಣ ಎರಡು ಹೀಟರ್ ಲೇಸು. ಒಂದರ ಥರ್ಮೋಸ್ಟಾಟ್ ಕಚ್ಚಿಕೊಂಡರೂ ನೀರು ಬೇಗ ಕುದಿಬಿಸಿಯಾಗುವುದಿಲ್ಲ, ಒಂದು ಕೆಟ್ಟರೂ ಪೂರ್ತಿ ತಣಿಯುವುದಿಲ್ಲ.

ಫಿಲ್ಟರ್‌ನ ಹೊಣೆ ಮಾತ್ರ ಸೆಕೆಯ ಊರಿನಲ್ಲಿ ಹೆಚ್ಚು. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೀಟರ್ ಆರಿಸಿದರೂ ನೀರಿನ ಮೇಲ್ಮೈ ಕಲಕುತ್ತಲೇ ಇರಬೇಕು. ಚಪ್ಪಟೆ ಮೈಯ ಡಿಸ್ಕಸ್ ಜೋರು ಸೆಳೆತ ಸಹಿಸದು. ಆದ್ದರಿಂದ ಕ್ಯಾನಿಸ್ಟರ್ ಇಟ್ಟರೆ ತೂತು ಕೊಳವೆಯಿಂದ ಅದರ ನೀರನ್ನು ಚದುರಿಸಬೇಕು, ಜೊತೆಗೆ ಒಂದು ಸ್ಪಂಜ್ ಫಿಲ್ಟರ್ ಇರಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಮುಚ್ಚಿದ ಕ್ಯಾನಿಸ್ಟರ್‌ನೊಳಗಿನ ಬ್ಯಾಕ್ಟೀರಿಯ ಕೆಲವೇ ಗಂಟೆಗಳಲ್ಲಿ ಉಸಿರುಗಟ್ಟಿ ಸಾಯತೊಡಗುತ್ತವೆ. ಸ್ಪಂಜ್ ಫಿಲ್ಟರ್ ಬ್ಯಾಟರಿಯ ಏರ್ ಪಂಪ್‌ನಲ್ಲೂ ನಡೆಯುತ್ತದೆ.

ಮುರಕಲ್ಲಿನ ಮೆದು ನೀರು ಡಿಸ್ಕಸ್‌ಗೆ ತವರಿನ ನೀರಿನಂತೆಯೇ ಒಗ್ಗುತ್ತದೆ, ಆದರೆ ಪಿಎಚ್ 6ಕ್ಕಿಂತ ಕೆಳಗಿಳಿದರೆ ಫಿಲ್ಟರ್‌ನ ಬ್ಯಾಕ್ಟೀರಿಯ ಮಂಕಾಗುತ್ತವೆ. 30 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ ಪಾಲು ಶೇ. 0.1ಕ್ಕೂ ಕಡಿಮೆ, ಪಿಎಚ್ 8ರಲ್ಲಿ ಶೇ. 7ಕ್ಕೂ ಹೆಚ್ಚು. ಹಾಗಾಗಿ ಪಿಎಚ್ ಒಮ್ಮೆಲೇ ಏರಿಸುವುದು ಅಪಾಯ. ಬಾವಿನೀರನ್ನು ಒಂದು ರಾತ್ರಿ ಗಾಳಿಯಾಡಿಸಿ ಹಾಕುವುದು, ಬೇಕಿದ್ದರೆ ಫಿಲ್ಟರ್‌ನಲ್ಲಿ ತೊಳೆದ ಮರುವಾಯಿ ಚಿಪ್ಪಿನ ಸಣ್ಣ ಚೀಲ ಇಡುವುದು ಸಾಕು. ನಲ್ಲಿನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು. ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ನೈಟ್ರೇಟ್ ತೊಟ್ಟಿಯಲ್ಲೇ ಉಳಿಯುತ್ತದೆ. ಅದನ್ನು ಹೊರಹಾಕಲು ಕಾಲಕಾಲಕ್ಕೆ ನೀರು ಬದಲಿಸುವುದೊಂದೇ ಸುಲಭದ ದಾರಿ.