ಕೊಟ್ಟಿಗೆಯಲ್ಲೊಂದು ಡಾಲ್ಫಿನ್

ಶಿರಸಿ ಸೀಮೆಯ ನಮ್ಮ ಸೋದರಮಾವನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಡಿಕೆ ಸೋಗೆಯ ಹೊರೆ, ತೋಟಕ್ಕೆ ಔಷಧಿ ಹೊಡೆಯುವ ಹಳೇ ಪಂಪು, ಇವುಗಳ ನಡುವೆ ಟಾರ್ಪಾಲು ಹೊದ್ದುಕೊಂಡ ಎರಡು ಬಾಗಿಲಿನ ಪುಟ್ಟ ಕಾರೊಂದಿದೆ: 1984ರ ಡಾಲ್ಫಿನ್. ಕಳೆದ ತಿಂಗಳು ಗುಜರಿಯವನು ಬಂದು ದರ ಕೇಳಿ ಹೋದನಂತೆ. "ಇದ್ನ ಎಂತ ಮಾಡವು ಹೇಳು" ಎಂದು ಮಾವ ನನ್ನನ್ನು ಕೇಳಿದರು. ಓಟದಲ್ಲಿ ಹೆಸರು ಮಾಡಬೇಕೆಂದು ಹುಟ್ಟಿ, ಶಕ್ತಿ ಸಾಲದೆ ಹಿಂದೆ ಬಿದ್ದ ಕಾರುಗಳನ್ನು ಕೂಡಿಡುವುದರಲ್ಲಿ ಅರ್ಥವಿದೆಯೇ? ಪ್ರಶ್ನೆ ನಮ್ಮ ಮಾವನದಷ್ಟೇ ಅಲ್ಲ.

ಅಮೆರಿಕದವರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. 1973ರ ತೈಲ ಬಿಕ್ಕಟ್ಟು ಮತ್ತು ಹೊಗೆ ನಿಯಂತ್ರಣದ ಕಾನೂನುಗಳು ಅಲ್ಲಿನ ದೊಡ್ಡ ಎಂಜಿನ್ನುಗಳ ಉಸಿರು ಕಟ್ಟಿಸಿದವು. 1975ರ ಕಾರ್ವೆಟ್‌ನ ಸಾಮಾನ್ಯ ಮಾದರಿಯಲ್ಲಿ 5.7 ಲೀಟರಿನ ಎಂಜಿನ್ನಿದ್ದರೂ ಸಿಗುತ್ತಿದ್ದದ್ದು 165 ಅಶ್ವಶಕ್ತಿ. 1974ರ ಮಸ್ಟ್ಯಾಂಗ್‌ನ ಚಿಕ್ಕ ಎಂಜಿನ್ನಿನದು ಬರೀ 88. ಶಕ್ತಿ ಅಳೆಯುವ ಪದ್ಧತಿ ಬದಲಾಗಿದ್ದರಿಂದಲೂ ಅಂಕಿ ತುಸು ಕುಗ್ಗಿತ್ತು ಅನ್ನಿ. ಒಟ್ಟಿನಲ್ಲಿ ಅಲ್ಲಿಯದು ಸೊಕ್ಕಿ ಬೆಳೆದ ಮೇಲೆ ಸೊರಗಿದ ಕಥೆ.

ನಮ್ಮದು ಹುಟ್ಟಿನಿಂದಲೇ ಹೊಟ್ಟೆಗಿಲ್ಲದ ಕಥೆ. ಎಷ್ಟು ಕಾರು ತಯಾರಿಸಬೇಕು ಎನ್ನುವುದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಕಾಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎಂದರೆ ಪೇಟೆಯೇ ಮುಗಿಯಿತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಸಿಪಾನಿಯವರು ಮೊದಲು 'ಬಾದಲ್' ಎಂಬ ಮೂರು ಚಕ್ರದ ಕಾರು ಮಾಡಿದರು, 198 ಸಿ.ಸಿ. ಎಂಜಿನ್ನು, ಅದೂ ಹಿಂಬದಿಯಲ್ಲಿ. 1982ರಲ್ಲಿ ಬಂದದ್ದು ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಆಧಾರದ ಮೇಲೆ ಕಟ್ಟಿದ್ದು. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಹಿಂದಿನ ಚಕ್ರಗಳಿಗೆ ಬಲ, ಮೈಯೆಲ್ಲ ಫೈಬರ್.

ಈ ಫೈಬರ್ ಮೈಯಲ್ಲೇ ಆ ಕಾಲದ ಅರ್ಧ ಇತಿಹಾಸವಿದೆ. ಉಕ್ಕಿನ ತಗಡನ್ನು ಒತ್ತಿ ಆಕಾರ ಕೊಡಲು ಭಾರೀ ಪ್ರೆಸ್ಸುಗಳು, ಅಚ್ಚುಗಳು ಬೇಕು. ಸಾವಿರಾರು ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಫೈಬರ್ ಹಾಗಲ್ಲ, ಅಚ್ಚಿನ ಮೇಲೆ ನಾರು ಹಾಸಿ, ರಾಳ ಬಳಿದು, ಕೈಯಿಂದಲೇ ಮೈ ಎರಕ ಹೊಯ್ಯಬಹುದು. ಕಡಿಮೆ ಬಂಡವಾಳದವರಿಗೆ ಇದ್ದ ದಾರಿ ಅದೊಂದೇ. ಆ ದಾರಿಯಿಂದ ಒಂದು ಲಾಭವೂ ಆಯಿತು. ಕಾರು ಹಗುರವಾಯಿತು, ಹಗುರವಾದ್ದರಿಂದ ರ‍್ಯಾಲಿ, ರೇಸುಗಳ ಹುಡುಗರು ಡಾಲ್ಫಿನ್ನನ್ನು ಇಷ್ಟಪಟ್ಟು ಓಡಿಸಿದರು. ಬಡತನ ಕಲಿಸಿದ ಉಪಾಯವೇ ಅದರ ಬಲವಾಯಿತು.

ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿ.ಸಿ.ಯ ಎಂಜಿನ್ನು ಡಾಲ್ಫಿನ್ನಿನದಕ್ಕಿಂತ ಚಿಕ್ಕದೇ, ಆದರೆ ಹಿಂದೆ ಸುಜುಕಿ ಮತ್ತು ಸರ್ಕಾರ ಎರಡೂ ನಿಂತಿದ್ದವು. ಮಧ್ಯಮ ವರ್ಗದವರಿಗೆ ನಾಲ್ಕು ಬಾಗಿಲಿನ, ತಂಟೆಯಿಲ್ಲದ ಕಾರು ಬೇಕಿತ್ತು. ಡಾಲ್ಫಿನ್ ಬದಿಗೆ ಸರಿಯಿತು.

ಪರವಾನಗಿಯ ಕಾಲ ಕಳೆದ ಮೇಲೂ ಈ ಹಂಬಲ ಸಾಯಲಿಲ್ಲ. 1998ರಲ್ಲಿ ಬೆಂಗಳೂರಿನದೇ ಸ್ಯಾನ್ ಮೋಟಾರ್ಸ್ 'ಸ್ಟಾರ್ಮ್' ಎಂಬ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ತಂದಿತು. ಮತ್ತೆ ಫೈಬರ್ ಮೈ, ರೆನೋದ 1149 ಸಿ.ಸಿ. ಎಂಜಿನ್ನು, ಸುಮಾರು 60 ಅಶ್ವಶಕ್ತಿ. ಹೆಸರು ಬಿರುಗಾಳಿ, ಬೀಸಿದ್ದು ತಂಗಾಳಿ ಎಂದು ನಗಬಹುದು. ಆದರೂ ಇಂಥದೊಂದು ಕಾರನ್ನು ನಾವೂ ಮಾಡಬಲ್ಲೆವು ಎಂದು ಹೊರಟವರು ಎಷ್ಟು ಜನ?

ದುರ್ಬಲವಾಗಿದ್ದದ್ದೆಲ್ಲ ಸಂಗ್ರಹಯೋಗ್ಯ ಎಂದು ನಾನು ಹೇಳಲಾರೆ. ಸಾದಾ ಕಾರಿಗೆ ಪಟ್ಟೆ ಬಳಿದು 'ಸ್ಪೋರ್ಟ್' ಎಂದು ಬರೆದದ್ದನ್ನು ಕಾಪಾಡುವುದರಲ್ಲಿ ಏನಿದೆ? ಕೇಳಬೇಕಾದದ್ದು ಅದು ಯಾಕೆ ದುರ್ಬಲವಾಗಿತ್ತು ಎಂದು. ಉತ್ತರದಲ್ಲಿ ಒಂದು ಕಾಲದ ಕಾನೂನು, ಬಂಡವಾಳ, ಕೈಕೆಲಸ ಕಾಣಿಸಿದರೆ ಅದನ್ನು ಇಟ್ಟುಕೊಳ್ಳಬೇಕು. ಬನವಾಸಿಯ ಸುತ್ತ ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳಿವೆ. ರಾಜ್ಯ ಗೆದ್ದವರವಲ್ಲ ಅವು, ದನ ಬಿಡಿಸಲು ಹೋಗಿ ಸತ್ತವರವು. ಅವಿಲ್ಲದಿದ್ದರೆ ನಮ್ಮ ಊರುಗಳ ಇತಿಹಾಸ ಬರೀ ದೊರೆಗಳ ಇತಿಹಾಸವಾಗುತ್ತಿತ್ತು.

ಕಲ್ಲಿಗಾದರೆ ಮಳೆಗಾಲಗಳ ಭಯ ಕಡಿಮೆ. ಕಾರಿಗೆ ಹಾಗಲ್ಲ. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ಅಡಿಯ ಉಕ್ಕಿನ ಚೌಕಟ್ಟಿಗೆ ಹಿಡಿಯುತ್ತದೆ. ಕಾನೂನಿನ ತೊಡಕು ಬೇರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತಿರಬೇಕು. 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ತುಂಬಬೇಕು. ಮಾವನ ಡಾಲ್ಫಿನ್ನಿಗೆ ಆ ಮಾನ ಸಿಗುವುದು 2034ಕ್ಕೆ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಲ್ಲಿ ಬರೀ ಹಳೇ ಕಾರು. ಆ ಪೀಳಿಗೆಯ ಕಾರುಗಳು ಗುಜರಿ ಸೇರುವುದು ಈ ನಡುವಿನ ವರ್ಷಗಳಲ್ಲೇ.

ಮಾವನಿಗೆ ಹೇಳಿದೆ: ಲಾಭಕ್ಕೆಂದು ಇಟ್ಟುಕೊಳ್ಳಬೇಡಿ, ಸಿಗಲಾರದು. ಮೊದಲು ಆರ್.ಸಿ. ಹುಡುಕಿ. ಆಮೇಲೆ ನೆಲದ ತೇವ ತಾಗದಂತೆ ಕಾರನ್ನು ಎತ್ತಿ ನಿಲ್ಲಿಸಿ. ಅದರ ಕಾರ್ಬುರೇಟರ್ ಬಲ್ಲ ಮುದುಕ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವರನ್ನು ಕರೆಸಿ, ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿ. ಕಾರಿಗಿಂತ ಮೊದಲು ಹೋಗುವುದು ಆ ಕೈ.

ಮಾವ ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಸೋಗೆಯ ಹೊರೆಯನ್ನು ಆಚೆ ಸಾಗಿಸುತ್ತಿದ್ದರು.